ಕುಲುಮೆಯಿಂದ ಪಂದ್ಯದ ಕಣಕ್ಕೆ: ಸೊಯಿಚಿರೊ ಹೋಂಡಾ

ನಮ್ಮ ರಸ್ತೆಗಳಲ್ಲಿ ಓಡಾಡುವ ಮೋಟಾರು ಸೈಕಲ್ಲುಗಳ ಮೇಲೆ ಹೋಂಡಾ ಎಂಬ ಹೆಸರನ್ನು ನಾವೆಲ್ಲರೂ ಓದಿದ್ದೇವೆ. ಅದು ಒಂದು ಕಂಪನಿಯ ಹೆಸರೆಂದೇ ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಆದರೆ ಅದು ಮೊದಲು ಒಬ್ಬ ಮನುಷ್ಯನ ಹೆಸರು. ಜಪಾನಿನ ಹಳ್ಳಿಯೊಂದರ ಕಮ್ಮಾರನ ಮಗನ ಹೆಸರು. ಜನರು ಕೊಳ್ಳುವ ಗಾಡಿಗಳನ್ನು ಮಾಡಿ ಆತ ಹಣವನ್ನೂ ಕೀರ್ತಿಯನ್ನೂ ಗಳಿಸಿದ ಸಂಗತಿ ಲೋಕಕ್ಕೆಲ್ಲ ಗೊತ್ತು. ಮಾರಾಟಕ್ಕೆ ಇಲ್ಲದ, ಕೇವಲ ಓಟದ ಪಂದ್ಯಕ್ಕೆಂದೇ ಕಟ್ಟಿದ ಕೆಲವು ಯಂತ್ರಗಳಿಂದ ಆತ ವಿದ್ಯೆಯನ್ನು ಗಳಿಸಿದ ಸಂಗತಿ ಅಷ್ಟಾಗಿ ಗೊತ್ತಿಲ್ಲ. ಆ ಎರಡನೆಯ ಕಥೆಯನ್ನೇ ನಾವು ಇಲ್ಲಿ ಹೇಳಹೊರಟಿದ್ದೇವೆ.

ಸೊಯಿಚಿರೊ ಹೋಂಡಾ ಅವರು 1906ನೆಯ ಇಸವಿ ನವೆಂಬರ್ 17ರಂದು ಜಪಾನಿನ ಶಿಜುವೊಕಾ ಪ್ರಾಂತದ ಕೋಮ್ಯೊ ಎಂಬ ಹಳ್ಳಿಯಲ್ಲಿ ಜನಿಸಿದರು. ಆ ಊರು ಈಗ ಹಮಾಮತ್ಸು ನಗರದೊಳಗೆ ಸೇರಿಹೋಗಿದೆ. ತಂದೆ ಗಿಹೇಯಿ ಕಮ್ಮಾರರು, ತಾಯಿ ಮಿಕಾ ನೇಯ್ಗೆ ಬಲ್ಲವರು. ತಂದೆ ಕುಲುಮೆಯ ಕೆಲಸದ ಜೊತೆಗೆ ಸೈಕಲ್ ರಿಪೇರಿಯನ್ನೂ ಮಾಡುತ್ತಿದ್ದರು. ಕಾದ ಕಬ್ಬಿಣ, ಸುತ್ತಿಗೆಯ ಸದ್ದು, ಎಣ್ಣೆಯ ವಾಸನೆ ಇವುಗಳ ನಡುವೆಯೇ ಹುಡುಗ ಬೆಳೆದನು. ಹಳ್ಳಿಗೆ ಮೊದಲ ಸಲ ಮೋಟಾರು ಕಾರು ಬಂದಾಗ ಅದರ ಹಿಂದೆ ಓಡಿಹೋಗಿ, ಅದು ನೆಲದ ಮೇಲೆ ಸುರಿಸಿದ್ದ ಎಣ್ಣೆಯನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡಿದನಂತೆ. ಹಮಾಮತ್ಸುವಿನಲ್ಲಿ ವಿಮಾನದ ಪ್ರದರ್ಶನವಿದೆ ಎಂದು ಕೇಳಿ, ತಂದೆಯ ದೊಡ್ಡ ಸೈಕಲ್ಲನ್ನು ಹೇಳದೆ ತೆಗೆದುಕೊಂಡು ಹೋದನು. ಒಳಗೆ ಹೋಗಲು ಕೈಯಲ್ಲಿದ್ದ ಕಾಸು ಸಾಲದೆ ಮರ ಹತ್ತಿ ಕುಳಿತು ವಿಮಾನವನ್ನು ಕಂಡನು.

ಶಾಲೆಯ ಪಾಠಗಳಲ್ಲಿ ಮಾತ್ರ ಈ ಹುಡುಗ ಹಿಂದೆ. ಜಪಾನಿನಲ್ಲಿ ರುಜುವಿನ ಬದಲು ಮನೆತನದ ಮುದ್ರೆ ಒತ್ತುವುದು ರೂಢಿ. ಅಂಕಪಟ್ಟಿಯನ್ನು ಮನೆಗೆ ಒಯ್ದು ಮುದ್ರೆ ಹಾಕಿಸಿಕೊಂಡು ಬರಬೇಕಾಗಿತ್ತು. ತಂದೆಗೆ ತೋರಿಸಲು ಅಂಜಿ, ಸೊಯಿಚಿರೊ ಸೈಕಲ್ ಪೆಡಲಿನ ರಬ್ಬರಿನಲ್ಲಿ ತಾನೇ ಒಂದು ಮುದ್ರೆ ಕೆತ್ತಿದನು. ಹೋಂಡಾ ಎಂಬ ಹೆಸರಿನ ಜಪಾನೀ ಅಕ್ಷರಗಳು ಎಡಕ್ಕೂ ಬಲಕ್ಕೂ ಒಂದೇ ತೆರನಾದವು; ಕನ್ನಡಿಯಲ್ಲಿ ನೋಡಿದರೂ ಹಾಗೆಯೇ ಕಾಣುತ್ತವೆ. ಆದ್ದರಿಂದ ಅವನ ಮುದ್ರೆ ಸರಿಯಾಗಿ ಬಿದ್ದಿತು. ಇದನ್ನು ಕಂಡು ಗೆಳೆಯರೂ ಕೇಳಿದರು. ಅವರಿಗೆ ಕೆತ್ತಿಕೊಟ್ಟ ಮುದ್ರೆಗಳಲ್ಲಿ ಅಕ್ಷರಗಳು ತಿರುವುಮುರುವಾಗಿ ಬಿದ್ದು, ಗುಟ್ಟು ಬಯಲಾಗಿ, ತಂದೆಯಿಂದ ಚೆನ್ನಾಗಿ ಏಟು ತಿಂದನು. ಕೈಯ ಚಳಕವಿದ್ದರೆ ಸಾಲದು, ಮಾಡುವ ಕೆಲಸದ ತತ್ತ್ವವೂ ತಿಳಿದಿರಬೇಕು ಎಂಬ ಪಾಠವನ್ನು ಅವರು ಮುಂದೆ ಇದಕ್ಕಿಂತ ಹೆಚ್ಚು ಬೆಲೆ ತೆತ್ತು ಕಲಿಯಬೇಕಾಯಿತು.

1922ರಲ್ಲಿ ಶಾಲೆ ಮುಗಿಸಿ, ಪತ್ರಿಕೆಯೊಂದರ ಜಾಹೀರಾತು ನೋಡಿ ಅರ್ಜಿ ಹಾಕಿ, ಟೋಕಿಯೋದ ಆರ್ಟ್ ಶೋಕಾಯಿ ಎಂಬ ಕಾರು ರಿಪೇರಿ ಅಂಗಡಿಗೆ ಸೇರಿದರು. ಅಲ್ಲಿ ಮೊದಲ ಕೆಲವು ತಿಂಗಳು ಸಿಕ್ಕಿದ ಕೆಲಸ ಮಾಲೀಕರ ಮಗುವನ್ನು ಎತ್ತಿಕೊಳ್ಳುವುದು. ಬೆನ್ನಿಗೆ ಮಗುವನ್ನು ಕಟ್ಟಿಕೊಂಡೇ ಉಳಿದವರು ಯಂತ್ರ ಬಿಚ್ಚುವುದನ್ನು ನೋಡುತ್ತಿದ್ದರು. ಮಾಲೀಕ ಯೂಜೊ ಸಕಾಕಿಬಾರಾ ಅವರು ಹುಡುಗನ ಆಸಕ್ತಿಯನ್ನು ಗುರುತಿಸಿ ಕೈಗೆ ಉಪಕರಣ ಕೊಟ್ಟರು. ಅಂಗಡಿಯವರು ಹಳೆಯ ವಿಮಾನದ ಎಂಜಿನನ್ನು ಜೋಡಿಸಿ ಒಂದು ಓಟದ ಕಾರನ್ನು ಕಟ್ಟಿದಾಗ ಸೊಯಿಚಿರೊ ಅದರಲ್ಲಿ ಸಹಾಯಕರಾದರು. 1924ರ ನವೆಂಬರಿನಲ್ಲಿ ಆ ಕಾರು ಪಂದ್ಯ ಗೆದ್ದಾಗ ಚಾಲಕನ ಪಕ್ಕದ ಆಸನದಲ್ಲಿ ಮೆಕ್ಯಾನಿಕ್ಕಾಗಿ ಕುಳಿತಿದ್ದವರು ಹದಿನೆಂಟು ತುಂಬಿದ ಅಥವಾ ತುಂಬಲಿದ್ದ ಈ ಹುಡುಗನೇ. ಓಟದ ರುಚಿ ಅಂದು ಹತ್ತಿದ್ದು ಕೊನೆಯವರೆಗೂ ಬಿಡಲಿಲ್ಲ.

1928ರಲ್ಲಿ ಊರಿಗೆ ಹಿಂತಿರುಗಿ ಅದೇ ಅಂಗಡಿಯ ಶಾಖೆಯನ್ನು ಹಮಾಮತ್ಸುವಿನಲ್ಲಿ ತೆರೆದರು. ಅಂಗಡಿ ಬೆಳೆಯಿತು, ಕೈಯಲ್ಲಿ ಹಣ ಓಡಾಡಿತು. 1936ರ ಜೂನಿನಲ್ಲಿ ಟೋಕಿಯೋ ಬಳಿಯ ತಮಾಗಾವಾ ಓಟದ ಪಥದಲ್ಲಿ ತಾವೇ ಕಟ್ಟಿದ ಕಾರನ್ನು ಓಡಿಸುತ್ತಿದ್ದಾಗ, ಅಡ್ಡ ಬಂದ ಇನ್ನೊಂದು ಕಾರಿಗೆ ಬಡಿದು ಅವರ ಕಾರು ಪಲ್ಟಿ ಹೊಡೆಯಿತು. ಅವರೂ ಪಕ್ಕದಲ್ಲಿದ್ದ ತಮ್ಮ ಬೆಂಜಿರೊ ಅವರೂ ಹೊರಕ್ಕೆ ಎಸೆಯಲ್ಪಟ್ಟರು. ತಮ್ಮನ ಗಾಯ ಇನ್ನೂ ಭಾರಿಯಾದದ್ದು. ಮುಂದೆ ಅವರು ಓಟದ ಚಾಲಕರಾಗುವ ಆಸೆಯನ್ನು ಕೈಬಿಟ್ಟರು.

ರಿಪೇರಿಯ ಕೆಲಸ ಬೇಸರ ತಂದಿತು. ಇನ್ನೊಬ್ಬರು ಮಾಡಿದ್ದನ್ನು ಸರಿಪಡಿಸುವುದಕ್ಕಿಂತ ತಾವೇ ಏನನ್ನಾದರೂ ಮಾಡಬೇಕೆಂದು ಪಿಸ್ಟನ್ ರಿಂಗ್ ತಯಾರಿಕೆಗೆ ಕೈಹಾಕಿದರು. ಎಂಜಿನ್ನಿನ ಸಿಲಿಂಡರಿಗೂ ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿಗೂ ನಡುವೆ ಅನಿಲ ಸೋರದಂತೆ ತಡೆಯುವ ಲೋಹದ ಬಳೆಯೇ ಪಿಸ್ಟನ್ ರಿಂಗ್. ನೋಡಲು ಒಂದು ಸಾಮಾನ್ಯ ಬಳೆ. ಆದರೆ ಎಷ್ಟು ಎರಕ ಹೊಯ್ದರೂ ಅದು ಸರಿಯಾಗಿ ಬರಲಿಲ್ಲ. ಕಡೆಗೆ ಹಮಾಮತ್ಸುವಿನ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಬಳಿಗೆ ಒಯ್ದಾಗ, ಈ ಲೋಹದಲ್ಲಿ ಸಿಲಿಕಾನಿನ ಅಂಶ ಸಾಲದೆಂದು ತಿಳಿಯಿತು. ಕಮ್ಮಾರನ ಮಗನಿಗೆ ಲೋಹಶಾಸ್ತ್ರದ ಅಗತ್ಯ ಅಂದು ಮನವರಿಕೆಯಾಯಿತು. ಮೂವತ್ತರ ಆಸುಪಾಸಿನಲ್ಲಿ, ಮಕ್ಕಳೊಂದಿಗನಾಗಿ, ತಮಗಿಂತ ಹತ್ತು ವರ್ಷ ಕಿರಿಯರ ನಡುವೆ ಆ ವಿದ್ಯಾಲಯದಲ್ಲಿ ಕುಳಿತು ಪಾಠ ಕೇಳಿದರು. ಬೇಕಾದ ಪಾಠಗಳನ್ನಷ್ಟೇ ಕೇಳಿದರು, ಪರೀಕ್ಷೆಗೆ ಕೂರಲಿಲ್ಲ, ಆದ್ದರಿಂದ ಪದವಿಯೂ ದೊರೆಯಲಿಲ್ಲ. ಈ ಮಾತನ್ನು ಓದಿ ನಮ್ಮ ಸ್ನೇಹಿತರು ಯಾರೂ ಹಿಗ್ಗಬೇಕಾಗಿಲ್ಲ. ಪರೀಕ್ಷೆ ಅವರನ್ನು ಬಿಡಲಿಲ್ಲ. ಟೊಯೋಟಾ ಕಂಪನಿಗೆ ಮಾದರಿಯಾಗಿ ಒಪ್ಪಿಸಿದ 50 ರಿಂಗುಗಳಲ್ಲಿ ತೇರ್ಗಡೆಯಾದವು ಮೂರೇ ಮೂರು. ಮತ್ತೆ ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದು, ಕಲಿತು, ಅವರು ಒಪ್ಪುವಂಥ ರಿಂಗು ಮಾಡಿದರು.

ಎರಡನೆಯ ಮಹಾಯುದ್ಧ ಈ ದುಡಿಮೆಯನ್ನೆಲ್ಲ ನುಂಗಿತು. ಒಂದು ಕಾರ್ಖಾನೆ ಬಾಂಬಿಗೆ, ಇನ್ನೊಂದು 1945ರ ಜನವರಿಯ ಭೂಕಂಪಕ್ಕೆ ಬಲಿಯಾಯಿತು. ಉಳಿದ ಪಾಲನ್ನು ಟೊಯೋಟಾ ಕಂಪನಿಗೆ ನಾಲ್ಕೂವರೆ ಲಕ್ಷ ಯೆನ್ನಿಗೆ ಮಾರಿ, ಒಂದು ವರ್ಷ ಯಾವ ಕೆಲಸವನ್ನೂ ಮಾಡದೆ ಕುಳಿತರು. 1946ರ ಅಕ್ಟೋಬರಿನಲ್ಲಿ ಹಮಾಮತ್ಸುವಿನಲ್ಲಿ ಒಂದು ಸಣ್ಣ ಶೆಡ್ಡಿಗೆ ಹೋಂಡಾ ತಾಂತ್ರಿಕ ಸಂಶೋಧನಾಲಯ ಎಂಬ ದೊಡ್ಡ ಹೆಸರಿಟ್ಟರು. ಸೋತ ದೇಶದಲ್ಲಿ ರೈಲುಗಳು ತುಂಬಿ ತುಳುಕುತ್ತಿದ್ದವು, ಪೆಟ್ರೋಲು ದುರ್ಲಭ. ಸೈನ್ಯದ ರೇಡಿಯೋಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಪುಟ್ಟ ಎಂಜಿನುಗಳು ಗುಜರಿಗೆ ಬಿದ್ದಿದ್ದವು. ಅವನ್ನು ಸೈಕಲ್ಲಿಗೆ ಜೋಡಿಸಿದರು. ಮೊದಲ ಮಾದರಿಯ ಪೆಟ್ರೋಲು ತೊಟ್ಟಿ ಮನೆಯಲ್ಲಿದ್ದ ಬಿಸಿನೀರಿನ ಡಬ್ಬಿ. ಮೊದಲು ಓಡಿಸಿ ನೋಡಿದವರಲ್ಲಿ ಅವರ ಪತ್ನಿ ಸಾಚಿ ಅವರೂ ಒಬ್ಬರು. ಗುಜರಿ ಎಂಜಿನುಗಳು ಮುಗಿದ ಮೇಲೆ ಸ್ವಂತ ಎಂಜಿನ್ ಮಾಡಿದರು. 1948ರ ಸೆಪ್ಟೆಂಬರ್ 24ರಂದು ಹತ್ತು ಲಕ್ಷ ಯೆನ್ ಬಂಡವಾಳದಿಂದ, 34 ಜನ ಕೆಲಸಗಾರರಿಂದ ಹೋಂಡಾ ಮೋಟಾರು ಕಂಪನಿ ಹುಟ್ಟಿತು.

ಮರುವರ್ಷ ಟಕೇವೊ ಫುಜಿಸಾವಾ ಎಂಬ ವ್ಯವಹಾರಚತುರರು ಬಂದು ಜೊತೆಗೂಡಿದರು. ಹೋಂಡಾ ಅವರು ಯಂತ್ರ ನೋಡಿಕೊಳ್ಳುವುದು, ಫುಜಿಸಾವಾ ಅವರು ಹಣ ಮತ್ತು ಮಾರಾಟ ನೋಡಿಕೊಳ್ಳುವುದು ಎಂದು ಒಪ್ಪಂದವಾಯಿತು. ಬಾಲ್ಯದಲ್ಲಿ ತಂದೆಯ ಮುದ್ರೆಯನ್ನು ಕದ್ದು ಕೆತ್ತಿದವರು ಕಂಪನಿಯ ಮುದ್ರೆಯನ್ನೇ ಇನ್ನೊಬ್ಬರ ಕೈಗೊಪ್ಪಿಸಿ ನಿಶ್ಚಿಂತರಾದರು. 1951ರಲ್ಲಿ ಬಂದ ಡ್ರೀಮ್ ಎಂಬ 146 ಸಿ.ಸಿ. ಗಾಡಿಯನ್ನು ಕಿಯೋಶಿ ಕವಾಶಿಮಾ ಎಂಬ ತರುಣ ಎಂಜಿನಿಯರ್ ಬಿರುಮಳೆಯಲ್ಲಿ ಹಕೋನೆ ಘಾಟಿಯ ಮೇಲಕ್ಕೆ ಎಲ್ಲಿಯೂ ನಿಲ್ಲದಂತೆ ಓಡಿಸಿದರು. ಈ ಕವಾಶಿಮಾ ಅವರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಈಗ ನಾವು ಮುಖ್ಯ ಘಟ್ಟಕ್ಕೆ ಬಂದೆವು. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. 1907ರಿಂದ ಅಲ್ಲಿ ಟೂರಿಸ್ಟ್ ಟ್ರೋಫಿ ಎಂಬ ಮೋಟಾರು ಸೈಕಲ್ ಪಂದ್ಯ ನಡೆಯುತ್ತ ಬಂದಿದೆ. ಊರಿನ ಬೀದಿ, ಕಲ್ಲಿನ ಗೋಡೆ, ಸೇತುವೆ, ಬೆಟ್ಟದ ಓರೆ ಇವುಗಳ ನಡುವಣ ಸಾಮಾನ್ಯ ರಸ್ತೆಯೇ ಅದರ ಕಣ. 1949ರಲ್ಲಿ ಗ್ರಾಂಡ್ ಪ್ರೀ ವಿಶ್ವ ಚಾಂಪಿಯನ್ ಪಂದ್ಯಮಾಲೆ ಆರಂಭವಾದಾಗ ಇದೂ ಅದರಲ್ಲಿ ಸೇರಿತು. ಅಂದು ಮೋಟಾರು ಸೈಕಲ್ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇರಲಿಲ್ಲ. ಇಟಲಿ, ಜರ್ಮನಿ, ಇಂಗ್ಲೆಂಡುಗಳ ಹೆಸರಾಂತ ಕಾರ್ಖಾನೆಗಳು ಅಲ್ಲಿ ಸೆಣಸುತ್ತಿದ್ದವು.

1954ರ ಜನವರಿಯಲ್ಲಿ ಬ್ರೆಜಿಲಿನ ಸಾವೊ ಪೌಲೊ ನಗರದ ಪಂದ್ಯಕ್ಕೆ ಹೋಂಡಾ ಕಂಪನಿ ಒಬ್ಬ ಸವಾರನನ್ನು ಕಳುಹಿಸಿತು. 125 ಸಿ.ಸಿ. ಓಟದಲ್ಲಿ ಅವನಿಗೆ ದೊರೆತದ್ದು 13ನೆಯ ಸ್ಥಾನ. ಆ ವರ್ಷವೇ ಕಂಪನಿಗೂ ಕಷ್ಟಕಾಲ. ವಿದೇಶದಿಂದ ತರಿಸಿದ ಯಂತ್ರೋಪಕರಣಗಳ ಸಾಲ ತಲೆಯ ಮೇಲಿತ್ತು, ಹೊಸ ಗಾಡಿಗಳ ಬಗ್ಗೆ ದೂರುಗಳು ಬರುತ್ತಿದ್ದವು, ಮಾರಾಟ ಇಳಿದಿತ್ತು. ಇಂಥ ಹೊತ್ತಿನಲ್ಲಿ, ಮಾರ್ಚ್ 20ರಂದು, ಐಲ್ ಆಫ್ ಮ್ಯಾನ್ ಪಂದ್ಯದಲ್ಲಿ ತಾವೇ ಕಟ್ಟಿದ ಯಂತ್ರದಿಂದ ಗೆದ್ದೇ ತೀರುವೆವೆಂದು ಹೋಂಡಾ ಅವರ ಹೆಸರಿನಲ್ಲಿ ಘೋಷಣೆ ಹೊರಟಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತಿಗೆ ಇದು ತೀರ ವಿರುದ್ಧವಾಗಿ ಕಾಣುತ್ತದೆ. ಆದರೆ ಕೆಲಸಗಾರರ ಎದೆಗುಂದಿದ್ದ ಆ ಕಾಲದಲ್ಲಿ ದೂರದ ಒಂದು ಗುರಿ ಅವರಿಗೆ ಬೇಕಾಗಿತ್ತು.

ಆ ಜೂನಿನಲ್ಲಿ ಹೋಂಡಾ ಅವರು ತಾವೇ ದ್ವೀಪಕ್ಕೆ ಹೋಗಿ ಪಂದ್ಯ ನೋಡಿದರು. ಕಂಡದ್ದು ಅವರನ್ನು ತಲ್ಲಣಗೊಳಿಸಿತು. ಜರ್ಮನಿಯ ಎನ್‌ಎಸ್‌ಯು ಯಂತ್ರಗಳ ಶಕ್ತಿ, ಅದೇ ಗಾತ್ರದ ತಮ್ಮ ಎಂಜಿನ್ನಿನ ಶಕ್ತಿಯ ಮೂರು ಪಟ್ಟು. ಗೆಲ್ಲುವೆವೆಂದು ಸಾರಿಬಿಟ್ಟಿದ್ದರು, ಹತ್ತಿರ ನಿಲ್ಲುವ ಯೋಗ್ಯತೆಯೂ ತಮಗಿಲ್ಲವೆಂಬುದು ಕಣ್ಣೆದುರಿಗೆ ಬಂದು ನಿಂತಿತು. ಸುಳ್ಳು ಸಮಾಧಾನ ಹೇಳಿಕೊಂಡು ಹಿಂತಿರುಗುವವರು ಲೋಕದಲ್ಲಿ ಬಹಳ. ಹೋಂಡಾ ಅವರು ಯುರೋಪಿನ ಅಂಗಡಿಗಳಲ್ಲಿ ಕಾರ್ಬುರೇಟರು, ಚೈನು, ಟೈರು, ಚಕ್ರದ ರಿಮ್ಮುಗಳನ್ನು ಕೊಂಡು, ಹೊರಲಾರದಷ್ಟು ಹೊತ್ತುಕೊಂಡು ಊರಿಗೆ ಬಂದರು. ಅವುಗಳನ್ನು ಬಿಚ್ಚಿ, ಅಳೆದು, ಏಕೆ ಹಾಗೆ ಮಾಡಿದ್ದಾರೆಂದು ವಿಚಾರಿಸುವುದಕ್ಕೆ ಐದು ವರ್ಷ ಹಿಡಿಯಿತು. ಘೋಷಣೆಗೂ ಕಣಕ್ಕಿಳಿಯುವುದಕ್ಕೂ ನಡುವಣ ಈ ಐದು ವರ್ಷಗಳೇ ಅವರ ನಿಜವಾದ ವಿದ್ಯಾಭ್ಯಾಸವೆಂದು ನಮಗೆ ತೋರುತ್ತದೆ.

1959ರಲ್ಲಿ ಸಿದ್ಧವಾದ ಯಂತ್ರದ ಹೆಸರು ಆರ್‌ಸಿ 142. 125 ಸಿ.ಸಿ.ಯ ಎರಡು ಸಿಲಿಂಡರಿನ ಎಂಜಿನ್. ಒಂದೊಂದು ಸಿಲಿಂಡರಿಗೆ ನಾಲ್ಕು ವಾಲ್ವುಗಳು. ಎಂಜಿನ್ ಉಸಿರಾಡುವುದು ವಾಲ್ವುಗಳ ಮೂಲಕ. ದೊಡ್ಡ ಎರಡು ವಾಲ್ವುಗಳಿಗಿಂತ ಸಣ್ಣ ನಾಲ್ಕು ಇದ್ದರೆ ಗಾಳಿ ಬರಲು ಹೋಗಲು ಹೆಚ್ಚು ದಾರಿ. ಒಂದೊಂದೂ ಹಗುರವಾದ್ದರಿಂದ ಹೆಚ್ಚು ವೇಗವಾಗಿ ತೆರೆದು ಮುಚ್ಚಬಲ್ಲದು. ಹೀಗೆ ಆ ಪುಟ್ಟ ಎಂಜಿನ್ನಿನಿಂದ ಸುಮಾರು 18 ಅಶ್ವಶಕ್ತಿ ಹೊರಟಿತು. ಕವಾಶಿಮಾ ಅವರ ಮುಂದಾಳುತನದಲ್ಲಿ ತಂಡ ದ್ವೀಪಕ್ಕೆ ಹೋಯಿತು. ಜೂನ್ 3ರಂದು ನಡೆದ ಪಂದ್ಯದಲ್ಲಿ ನವೋಮಿ ತನಿಗುಚಿ 6ನೆಯವರಾಗಿ, ಗಿಯಿಚಿ ಸುಜುಕಿ 7ನೆಯವರಾಗಿ, ತೆಯಿಸುಕೆ ತನಾಕಾ 8ನೆಯವರಾಗಿ, ಜುಂಜೊ ಸುಜುಕಿ 11ನೆಯವರಾಗಿ ಗುರಿ ಮುಟ್ಟಿದರು. ಗೆಲುವು ಇಟಲಿಯ ಎಂವಿ ಅಗುಸ್ತಾ ಯಂತ್ರದ್ದು. ಆದರೆ ತಯಾರಕರ ತಂಡಕ್ಕೆ ಕೊಡುವ ಬಹುಮಾನ ಹೋಂಡಾ ಪಾಲಿಗೆ ಬಂದಿತು. ಮೊದಲ ಸಲ ಕುಳಿತ ಪರೀಕ್ಷೆಯಲ್ಲಿ ತೇರ್ಗಡೆ ಎನ್ನಬಹುದು. ದರ್ಜೆ ಇನ್ನೂ ದೂರವಿತ್ತು.

1960ರಲ್ಲಿ 250 ಸಿ.ಸಿ.ಯ ನಾಲ್ಕು ಸಿಲಿಂಡರಿನ ಯಂತ್ರವೂ ಕಣಕ್ಕಿಳಿಯಿತು. ಯುರೋಪಿನ ರಸ್ತೆಗಳನ್ನು ಬಲ್ಲ ವಿದೇಶೀ ಸವಾರರನ್ನೂ ಸೇರಿಸಿಕೊಂಡರು. 1961ರ ಏಪ್ರಿಲಿನಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಆಸ್ಟ್ರೇಲಿಯಾದ ಟಾಮ್ ಫಿಲಿಸ್ 125 ಸಿ.ಸಿ. ಓಟ ಗೆದ್ದು ಹೋಂಡಾ ಯಂತ್ರಕ್ಕೆ ಮೊದಲ ಗ್ರಾಂಡ್ ಪ್ರೀ ಜಯ ತಂದರು. ಮುಂದಿನ ತಿಂಗಳು ಪಶ್ಚಿಮ ಜರ್ಮನಿಯ ಹಾಕೆನ್‌ಹೈಮಿನಲ್ಲಿ ಕುನಿಮಿತ್ಸು ತಕಹಾಶಿ 250 ಸಿ.ಸಿ. ಓಟ ಗೆದ್ದು, ಗ್ರಾಂಡ್ ಪ್ರೀ ಗೆದ್ದ ಮೊದಲ ಜಪಾನೀಯರಾದರು. ಜೂನಿನಲ್ಲಿ ಐಲ್ ಆಫ್ ಮ್ಯಾನಿನಲ್ಲಿ ಇಂಗ್ಲೆಂಡಿನ ಮೈಕ್ ಹೇಲ್‌ವುಡ್ ಎರಡೂ ಓಟಗಳನ್ನು ಗೆದ್ದರು. ಎರಡರಲ್ಲೂ ಮೊದಲ ಐದು ಸ್ಥಾನಗಳು ಹೋಂಡಾ ಯಂತ್ರಗಳಿಗೇ. ಏಳು ವರ್ಷಗಳ ಹಿಂದೆ ಆಡಿದ ಮಾತು ನಡೆಯಿತು. ಆ ವರ್ಷ 125ರಲ್ಲಿ ಫಿಲಿಸ್, 250ರಲ್ಲಿ ಹೇಲ್‌ವುಡ್ ವಿಶ್ವ ಚಾಂಪಿಯನ್ನರಾದರು.

ಈ ಜಯದ ಬೆಲೆಯನ್ನೂ ಹೇಳದಿದ್ದರೆ ಕಥೆ ಅಪೂರ್ಣ. 1960ರಲ್ಲಿ ಆಸ್ಟ್ರೇಲಿಯಾದ ಬಾಬ್ ಬ್ರೌನ್ ಜರ್ಮನಿಯ ಸಾಲಿಟ್ಯೂಡ್ ಪಥದಲ್ಲಿ ಅಭ್ಯಾಸ ಮಾಡುವಾಗ ಹೋಂಡಾ ಯಂತ್ರದಿಂದ ಬಿದ್ದು ಮೃತರಾದರು. ಮೊದಲ ಜಯ ತಂದ ಟಾಮ್ ಫಿಲಿಸ್ 1962ರಲ್ಲಿ ಐಲ್ ಆಫ್ ಮ್ಯಾನ್ ರಸ್ತೆಯಲ್ಲೇ ಪ್ರಾಣ ಬಿಟ್ಟರು. ಅದೇ ವರ್ಷ ಅದೇ ದ್ವೀಪದಲ್ಲಿ ತಕಹಾಶಿ ಬಿದ್ದು ತೀವ್ರವಾಗಿ ಗಾಯಗೊಂಡರು. ಕಾರ್ಖಾನೆಯವನು ಯಂತ್ರವನ್ನು ಪಣಕ್ಕಿಡುತ್ತಾನೆ, ಸವಾರನು ಜೀವವನ್ನು.

ಇಷ್ಟರಲ್ಲಿ ಹೊಸ ಎದುರಾಳಿಗಳು ಬಂದರು. ಸುಜುಕಿ, ಯಮಾಹಾ ಕಂಪನಿಗಳ ಎರಡು ಹೊಡೆತದ ಎಂಜಿನುಗಳು ಹಗುರ, ಸರಳ, ಚುರುಕು. ಹೋಂಡಾ ಅವರದು ನಾಲ್ಕು ಹೊಡೆತದ ಎಂಜಿನ್. ಎರಡು ಹೊಡೆತದ ಎಂಜಿನ್ ಪ್ರತಿ ಸುತ್ತಿಗೆ ಒಮ್ಮೆ ಬೆಂಕಿ ಉಗುಳಿ ಶಕ್ತಿ ಕೊಟ್ಟರೆ, ನಾಲ್ಕು ಹೊಡೆತದ್ದು ಎರಡು ಸುತ್ತಿಗೆ ಒಮ್ಮೆ ಮಾತ್ರ ಕೊಡುತ್ತದೆ. ಸಮನಾಗಬೇಕಾದರೆ ಅದು ಬಹಳ ಹೆಚ್ಚು ವೇಗವಾಗಿ ಸುತ್ತಬೇಕು. ವೇಗವಾಗಿ ಸುತ್ತಬೇಕಾದರೆ ಒಳಗಿನ ಭಾಗಗಳು ಚಿಕ್ಕವಾಗಿ ಹಗುರವಾಗಿರಬೇಕು. ಭಾಗಗಳು ಚಿಕ್ಕವಾಗಬೇಕಾದರೆ ಅದೇ ಗಾತ್ರವನ್ನು ಹೆಚ್ಚು ಸಿಲಿಂಡರುಗಳಿಗೆ ಹಂಚಬೇಕು. ಈ ಲೆಕ್ಕವನ್ನೇ ಹಿಡಿದು ಶೊಯಿಚಿರೊ ಇರಿಮಾಜಿರಿ ಮೊದಲಾದ ತರುಣ ಎಂಜಿನಿಯರುಗಳು ಕೆಲಸ ಮಾಡಿದರು. 1964ರ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ಹೋಂಡಾ ತಂಡ ಹೊರತೆಗೆದ ಯಂತ್ರ ಕಂಡು ಜನ ಬೆರಗಾದರು. 250 ಸಿ.ಸಿ.ಯೊಳಗೆ ಆರು ಸಿಲಿಂಡರು! ಒಂದೊಂದರ ಗಾತ್ರ ಸುಮಾರು 41 ಸಿ.ಸಿ., ಅಂದರೆ ನಮ್ಮ ಮನೆಯ ಚಿಕ್ಕ ಚಹಾ ಲೋಟಕ್ಕಿಂತ ಕಡಿಮೆ. ಅಂದು ಜಿಮ್ ರೆಡ್‌ಮನ್ ಅದನ್ನು ಓಡಿಸಿದರೂ ಎಂಜಿನ್ ಕಾದು ಸೊರಗಿ ಮೂರನೆಯ ಸ್ಥಾನಕ್ಕೆ ಇಳಿಯಿತು. ಯಮಾಹಾದ ಫಿಲ್ ರೀಡ್ ಆ ವರ್ಷವೂ ಮರುವರ್ಷವೂ ಚಾಂಪಿಯನ್ನರಾದರು.

ಆರು ಸಿಲಿಂಡರಿನ ಯಂತ್ರವನ್ನು ತಿದ್ದುತ್ತ ಹೋದರು. 1966ರಲ್ಲಿ ಅದು ಆರ್‌ಸಿ 166 ಎಂಬ ಹೆಸರಿನಿಂದ ಬಂದಿತು. 247 ಸಿ.ಸಿ., 24 ವಾಲ್ವುಗಳು, ನಿಮಿಷಕ್ಕೆ 18,000 ಸುತ್ತು, 60ಕ್ಕೂ ಮಿಕ್ಕ ಅಶ್ವಶಕ್ತಿ, ತೂಕ ಕೇವಲ 112 ಕಿಲೋಗ್ರಾಂ. ಹಿಂದೆ ಎಡಬಲಕ್ಕೆ ಮೂರು ಮೂರರಂತೆ ಚಾಚಿದ ಆರು ಹೊಗೆಕೊಳವೆಗಳು. ಅದರ ಸದ್ದನ್ನು ಒಮ್ಮೆ ಕೇಳಿದವರು ಮರೆಯಲಿಲ್ಲ. ಹೇಲ್‌ವುಡ್ ಈ ಯಂತ್ರದ ಮೇಲೆ ಆ ವರ್ಷ ಹತ್ತು ಗ್ರಾಂಡ್ ಪ್ರೀಗಳನ್ನು ಗೆದ್ದರು. 125 ಸಿ.ಸಿ.ಯಲ್ಲಿ ಐದು ಸಿಲಿಂಡರಿನ ಇನ್ನೊಂದು ಯಂತ್ರದ ಮೇಲೆ ಸ್ವಿಟ್ಜರ್‌ಲೆಂಡಿನ ಲುಯಿಜಿ ತವೇರಿ ಚಾಂಪಿಯನ್ನರಾದರು. 50, 125, 250, 350, 500 ಸಿ.ಸಿ. ಈ ಐದೂ ವರ್ಗಗಳ ತಯಾರಕರ ಪ್ರಶಸ್ತಿ 1966ರಲ್ಲಿ ಒಂದೇ ಕಂಪನಿಗೆ ಸಂದಿತು.

ಆದರೆ ಒಂದು ಹಣ್ಣು ಕೈಗೆ ಎಟುಕಲಿಲ್ಲ. ಎಲ್ಲಕ್ಕಿಂತ ದೊಡ್ಡದಾದ 500 ಸಿ.ಸಿ. ವರ್ಗದಲ್ಲಿ ಸವಾರನ ಪ್ರಶಸ್ತಿ ಹೋಂಡಾ ಯಂತ್ರಕ್ಕೆ ಸಿಗಲಿಲ್ಲ. ಎಂಜಿನ್ನಿಗೆ ಬಲವಿತ್ತು, ಅದನ್ನು ತಾಳಿಕೊಳ್ಳುವ ಚೌಕಟ್ಟಿಗೆ ಇರಲಿಲ್ಲ, ತಿರುವುಗಳಲ್ಲಿ ಗಾಡಿ ತೊನೆಯುತ್ತಿತ್ತು. 1967ರಲ್ಲಿ ಹೇಲ್‌ವುಡ್ ಮತ್ತು ಎಂವಿ ಅಗುಸ್ತಾದ ಜಾಕೊಮೊ ಅಗೊಸ್ತೀನಿ ಐದೈದು ಪಂದ್ಯ ಗೆದ್ದು ಸಮನಾದರು. ಎರಡನೆಯ ಸ್ಥಾನಗಳ ಲೆಕ್ಕದಲ್ಲಿ ಪ್ರಶಸ್ತಿ ಅಗೊಸ್ತೀನಿಗೆ ಹೋಯಿತು. 1968ರ ಆರಂಭದಲ್ಲಿ ಹೋಂಡಾ ಕಂಪನಿ ಗ್ರಾಂಡ್ ಪ್ರೀ ಕಣದಿಂದ ಹಿಂದೆ ಸರಿಯಿತು. ಅಷ್ಟರೊಳಗೆ 138 ಜಯಗಳು, ಸವಾರರ 16 ವಿಶ್ವ ಪ್ರಶಸ್ತಿಗಳು ಅದರ ಲೆಕ್ಕದಲ್ಲಿದ್ದವು.

ಹೋಂಡಾ ಅವರನ್ನು ದೇವರನ್ನಾಗಿ ಮಾಡುವುದು ನಮ್ಮ ಉದ್ದೇಶವಲ್ಲ. ಅವರ ಕೋಪ ಹೆಸರುವಾಸಿ. ಕೆಲಸ ಕೆಟ್ಟರೆ ಕೈಯಲ್ಲಿದ್ದ ಸ್ಪಾನರನ್ನೇ ಬೀಸುತ್ತಿದ್ದರಂತೆ. ಯಾವ ಹಠ ಅವರನ್ನು ಮೇಲಕ್ಕೆ ಒಯ್ದಿತೋ ಅದೇ ಹಠ ಒಮ್ಮೆ ಕಣ್ಣಿಗೆ ಪೊರೆಯಾಯಿತು. ಎಂಜಿನನ್ನು ನೀರಿನಿಂದ ತಣಿಸಿದರೂ ಆ ನೀರನ್ನು ಕಡೆಗೆ ಗಾಳಿಯೇ ತಣಿಸಬೇಕಲ್ಲ, ಹಾಗಿರುವಾಗ ನೇರವಾಗಿ ಗಾಳಿಯಿಂದಲೇ ತಣಿಸಬಾರದೇಕೆ ಎಂಬುದು ಅವರ ವಾದ. ಮೋಟಾರು ಸೈಕಲ್ಲಿಗೆ ಒಪ್ಪಿದ ಈ ಮಾತನ್ನು ಕಾರಿಗೂ ಹಚ್ಚಿದರು. 1968ರ ಜುಲೈ 7ರಂದು ಫ್ರಾನ್ಸಿನ ರೂವಾನಿನಲ್ಲಿ ಗಾಳಿಯಿಂದ ತಣಿಯುವ ಅವರ ಓಟದ ಕಾರು ಅಪಘಾತಕ್ಕೀಡಾಗಿ, ಮೆಗ್ನೀಷಿಯಂ ಲೋಹದ ಅದರ ಒಡಲಿಗೆ ಬೆಂಕಿ ಹತ್ತಿ, ಚಾಲಕ ಜೋ ಶ್ಲೆಸ್ಸರ್ ಮಡಿದರು. ಆ ಕಾರು ಇನ್ನೂ ಓಟಕ್ಕೆ ಸಿದ್ಧವಿಲ್ಲವೆಂದು ತಂಡದ ಹಿರಿಯ ಚಾಲಕ ಜಾನ್ ಸರ್ಟೀಸ್ ಮೊದಲೇ ಅದನ್ನು ಓಡಿಸಲು ಒಪ್ಪಿರಲಿಲ್ಲ. ಮಾರಾಟದ ಕಾರುಗಳಲ್ಲೂ ಗಾಳಿಯ ಎಂಜಿನ್ ತೊಡಕಾಯಿತು. ತರುಣ ಎಂಜಿನಿಯರುಗಳು ನೀರೇ ಬೇಕೆಂದರು. ಅಧ್ಯಕ್ಷರು ಕೇಳಲೊಲ್ಲರು. ಆಗ ಫುಜಿಸಾವಾ ಅವರು, ತಾವು ಕಂಪನಿಯ ಅಧ್ಯಕ್ಷರೋ ಅಥವಾ ಒಬ್ಬ ಎಂಜಿನಿಯರೋ ಎಂಬುದನ್ನು ಆರಿಸಿಕೊಳ್ಳಬೇಕೆಂದು ಕೇಳಿದರು. ಹೋಂಡಾ ಅವರು ಅಧ್ಯಕ್ಷನೆಂದು ಒಪ್ಪಿ, ತರುಣರ ದಾರಿ ಬಿಟ್ಟುಕೊಟ್ಟರು. ನೀರಿನಿಂದ ತಣಿಯುವ ಎಂಜಿನ್ನಿನ ಮೇಲೆಯೇ ಆ ತರುಣರು 1972ರಲ್ಲಿ ಹೊಗೆಯ ವಿಷವನ್ನು ತಗ್ಗಿಸುವ ಸಿವಿಸಿಸಿ ಎಂಬ ವಿಧಾನವನ್ನು ಸಾಧಿಸಿ, ಅಮೆರಿಕದ ಕಠಿಣ ಕಾಯಿದೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರು. ದೊಡ್ಡ ಕಂಪನಿಗಳನ್ನು ಸೋಲಿಸಲು ಇದೊಂದು ಅವಕಾಶವೆಂದು ಹೋಂಡಾ ಅವರು ಹಿಗ್ಗಿದರೆ, ತಾವು ಮಾಡಿದ್ದು ಸಮಾಜಕ್ಕಾಗಿ ಎಂದು ತರುಣರು ಭಾವಿಸಿದ್ದರು. ತಮ್ಮ ಕಾಲ ಮುಗಿಯಿತೆಂದು ಅವರಿಗೆ ಹೊಳೆದದ್ದು ಆಗಲೇ.

1973ರ ಅಕ್ಟೋಬರಿನಲ್ಲಿ ಹೋಂಡಾ, ಫುಜಿಸಾವಾ ಇಬ್ಬರೂ ಒಟ್ಟಿಗೆ ನಿವೃತ್ತರಾದರು. ಮಗನಿಗೆ ಪಟ್ಟ ಕಟ್ಟಲಿಲ್ಲ. ಮಕ್ಕಳನ್ನು ಕಂಪನಿಗೆ ಸೇರಿಸಿಕೊಂಡೇ ಇರಲಿಲ್ಲ. ಅಧ್ಯಕ್ಷರಾದವರು ಹಕೋನೆ ಘಾಟಿ ಹತ್ತಿದ, ಐಲ್ ಆಫ್ ಮ್ಯಾನ್ ತಂಡವನ್ನು ನಡೆಸಿದ ಕವಾಶಿಮಾ. ಅವರಿಗೆ ಆಗ 45 ವರ್ಷ. ಆಮೇಲೆ ಹೋಂಡಾ ಅವರು ಜಪಾನಿನಲ್ಲಿದ್ದ ಕಂಪನಿಯ ಎಲ್ಲ ಕಾರ್ಖಾನೆ, ಅಂಗಡಿಗಳಿಗೆ ಹೋಗಿ ಕೆಲಸಗಾರರ ಕೈ ಕುಲುಕಿ ಕೃತಜ್ಞತೆ ಹೇಳಿದರು. ಒಬ್ಬ ಮೆಕ್ಯಾನಿಕ್ಕು ಕೈಯೆಲ್ಲ ಎಣ್ಣೆಯೆಂದು ಹಿಂದೆಗೆದಾಗ, ಆ ಎಣ್ಣೆಗೈಯನ್ನೇ ಹಿಡಿದುಕೊಂಡು ಸಂತೋಷಪಟ್ಟರಂತೆ.

ಓಟದ ಕಥೆಗೆ ಇನ್ನೂ ಒಂದು ಅಧ್ಯಾಯವಿದೆ. 1979ರಲ್ಲಿ ಕಂಪನಿ 500 ಸಿ.ಸಿ. ವರ್ಗಕ್ಕೆ ಹಿಂತಿರುಗಿತು. ನಾಲ್ಕಕ್ಕಿಂತ ಹೆಚ್ಚು ಸಿಲಿಂಡರು ಕೂಡದೆಂಬ ನಿಯಮ ಅಷ್ಟರಲ್ಲಿ ಬಂದಿತ್ತು. ನಾಲ್ಕು ಹೊಡೆತದ ಎಂಜಿನ್ನನ್ನು ಬಿಡಲೊಲ್ಲದ ಎಂಜಿನಿಯರುಗಳು ದುಂಡು ಪಿಸ್ಟನ್ನಿನ ಬದಲು ಉದ್ದುದ್ದನೆಯ ಪಿಸ್ಟನ್ ಮಾಡಿ, ಒಂದೊಂದಕ್ಕೆ ಎಂಟು ವಾಲ್ವು ಇಟ್ಟು ಎನ್‌ಆರ್ 500 ಎಂಬ ವಿಚಿತ್ರ ಯಂತ್ರ ಕಟ್ಟಿದರು. ಅದು ಮೊದಲು ಕಣಕ್ಕಿಳಿದ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಪಂದ್ಯದಲ್ಲಿ ಇಬ್ಬರು ಸವಾರರೂ ಗುರಿ ಮುಟ್ಟಲಿಲ್ಲ. ಗ್ರಾಂಡ್ ಪ್ರೀಗಳಲ್ಲಿ ಆ ಯಂತ್ರ ಒಂದು ಅಂಕವನ್ನೂ ಗಳಿಸಲಿಲ್ಲ. ಕಡೆಗೆ ಹಠ ಬಿಟ್ಟು, ಮೂರು ಸಿಲಿಂಡರಿನ ಎರಡು ಹೊಡೆತದ ಎನ್‌ಎಸ್ 500 ಯಂತ್ರ ಕಟ್ಟಿದರು. ಅದರ ಮೇಲೆ 1983ರಲ್ಲಿ ಅಮೆರಿಕದ 21 ವರ್ಷದ ಫ್ರೆಡ್ಡಿ ಸ್ಪೆನ್ಸರ್ ಕೇವಲ ಎರಡು ಅಂಕಗಳ ಅಂತರದಿಂದ 500 ಸಿ.ಸಿ. ವಿಶ್ವ ಚಾಂಪಿಯನ್ನರಾದರು. ಹದಿನಾರು ವರ್ಷ ಹಿಂದೆ ಕೈತಪ್ಪಿದ್ದ ಹಣ್ಣು ಹೀಗೆ ದೊರೆಯಿತು. ಅದನ್ನು ಕಾಣಲು ಹೋಂಡಾ ಅವರು ಬದುಕಿದ್ದರು.

1991ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಅವರು ತೀರಿಕೊಂಡರು. ಆಗ 84 ವರ್ಷ. ತಮ್ಮ ಸಾವಿಗೆ ಕಂಪನಿಯ ವತಿಯಿಂದ ದೊಡ್ಡ ಶವಸಂಸ್ಕಾರ ಕೂಡದು, ಅದರಿಂದ ರಸ್ತೆಯಲ್ಲಿ ವಾಹನಗಳಿಗೆ ಅಡ್ಡಿಯಾಗುತ್ತದೆ ಎಂದು ಅವರು ಮೊದಲೇ ತಿಳಿಸಿದ್ದರು. ಹಾಗೆಯೇ ನಡೆಯಿತು. ಅವರು 1958ರಲ್ಲಿ ಹೊರತಂದ ಸೂಪರ್ ಕಬ್ ಎಂಬ ಪುಟ್ಟ ಗಾಡಿಗಳ ಸಂಖ್ಯೆ 2017ರಲ್ಲಿ ಹತ್ತು ಕೋಟಿ ತಲುಪಿತು. ನಮ್ಮ ನೆರೆಯ ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ 2013ರಿಂದ ಅವರ ಹೆಸರಿನ ಕಾರ್ಖಾನೆ ನಡೆಯುತ್ತಿದೆ.

ಹೋಂಡಾ ಅವರು ಪರೀಕ್ಷೆಗೆ ಕೂರದೆ ವಿದ್ಯಾಲಯ ಬಿಟ್ಟವರು. ಆದರೆ ಜೀವಮಾನವಿಡೀ ಪರೀಕ್ಷೆಗೆ ಕುಳಿತವರು. ಪಂದ್ಯದ ಕಣವೆಂಬ ಪರೀಕ್ಷಾ ಮಂದಿರದಲ್ಲಿ ನಕಲು ನಡೆಯುವುದಿಲ್ಲ, ಶಿಫಾರಸು ನಡೆಯುವುದಿಲ್ಲ. ಫಲಿತಾಂಶ ಎಲ್ಲರ ಎದುರಿಗೇ ಬರುತ್ತದೆ. ಗಡಿಯಂಚಿನ ಸಣ್ಣ ಊರಿನ ಕನ್ನಡ ಶಾಲೆಯಲ್ಲಿ ಓದುವ ನಮಗೆ, ದೊಡ್ಡ ಊರಿನವರ ಮುಂದೆ ನಾವೆಷ್ಟರವರು ಎಂಬ ಅಂಜಿಕೆ ಆಗಾಗ ಬರುವುದುಂಟು. 1954ರ ಜೂನಿನಲ್ಲಿ ಆ ದ್ವೀಪದ ರಸ್ತೆಯ ಪಕ್ಕದಲ್ಲಿ ನಿಂತಿದ್ದ ಕಮ್ಮಾರನ ಮಗನಿಗೂ ಅದೇ ಅಂಜಿಕೆ ಬಂದಿತ್ತು. ಮೂರರಲ್ಲಿ ಒಂದು ಪಾಲು ಮಾತ್ರ ತಮ್ಮದೆಂದು ಅವರು ಮರೆಮಾಚದೆ ಅಳೆದುಕೊಂಡರು. ಉಳಿದ ಎರಡು ಪಾಲನ್ನು ದುಡಿದು ತುಂಬಿದರು.